ಕುತ್ತಿಗೆಯಿಲ್ಲದ ಗೌನು

ಹೊಸ ಜ್ವರದ ರೋಗಿಗಳಿಗೆಂದು ಆಸ್ಪತ್ರೆಯ ಮೂರನೇ ಮಹಡಿಯನ್ನು ಬೇರೆ ಮಾಡಿದಾಗ ಅಲ್ಲಿಗೆ ಹೋಗಲು ಒಪ್ಪಿದ ನರ್ಸುಗಳು ಇಬ್ಬರೇ. ಒಬ್ಬಳು ಇಪ್ಪತ್ತಾರು ವರ್ಷ ದುಡಿದು ಎಲ್ಲರಿಂದಲೂ ದೊಡ್ಡಕ್ಕ ಅನ್ನಿಸಿಕೊಂಡವಳು. ಇನ್ನೊಬ್ಬಳು ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬದ ಹುಡುಗಿ. ಬಾಯಿ ತೆರೆದರೆ ಮುಚ್ಚುವವಳಲ್ಲ, ಅದಕ್ಕೇ ಎಲ್ಲರಿಗೂ ಅವಳು ಚಿನಕುರಳಿ.

"ಹೆದರಿಕೆ ಆಗಲ್ವೇನೇ?" ಎಂದು ದೊಡ್ಡಕ್ಕ ಕೇಳಿದರೆ, "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು, ಅಕ್ಕಾ" ಎಂದು ನಕ್ಕಿದ್ದಳು.

ಸೋಂಕು ತಾಗದಿರಲೆಂದು ಅವರಿಗೆ ಕೊಟ್ಟ ಗೌನು ಕುತ್ತಿಗೆಯ ಬಳಿ ನಾಲ್ಕು ಬೆರಳಗಲ ತೆರೆದೇ ಇರುತ್ತಿತ್ತು. ದೊಡ್ಡಕ್ಕ ಮೇಲಿನವರಿಗೆ ಎರಡು ಸಲ ಬರೆದಳು. "ಹೊಸದು ಬರ್ತಾ ಇದೆ, ಅಲ್ಲೀತನಕ ಹೇಗೋ ಸುಧಾರಿಸ್ಕೊಳ್ಳಿ" ಅಂದರು. ಸುಧಾರಿಸಿಕೊಂಡರು. ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನೇ ಒಬ್ಬರ ಕುತ್ತಿಗೆಗೆ ಇನ್ನೊಬ್ಬರು ಅಂಟಿಸಿದರು. "ಮದುಮಗಳಿಗೂ ಇಷ್ಟು ಸಿಂಗಾರ ಇರಲ್ಲ" ಎಂದು ಚಿನಕುರಳಿ ತಮಾಷೆ ಮಾಡುತ್ತಿದ್ದಳು. ಕೀಳುವಾಗ ಚರ್ಮವೂ ಎದ್ದು ಬರುತ್ತಿತ್ತು.

ಹನ್ನೊಂದನೇ ದಿನ ಮುದುಕನೊಬ್ಬ ಉಸಿರಿಗಾಗಿ ಒದ್ದಾಡುತ್ತಾ ಮಂಚದಿಂದ ಜಾರಿದ. ಚಿನಕುರಳಿ ಓಡಿಹೋಗಿ ಅವನನ್ನು ಎದೆಗೊರಗಿಸಿಕೊಂಡು ಎತ್ತಿದಳು. ಅವಳ ಹೆಗಲ ಮೇಲೆಯೇ ಅವನು ವಾಂತಿ ಮಾಡಿಕೊಂಡ. ಮುದುಕ ಉಳಿದುಕೊಂಡ. ಆರು ದಿನ ಕಳೆದು ಅವಳಿಗೆ ಜ್ವರ ಬಂತು.

ಮೇಲ್ವಿಚಾರಕಿ ದೊಡ್ಡಕ್ಕನನ್ನು ಕರೆಸಿದಳು. "ಗೌನು ಬಿಚ್ಚೋವಾಗ ಅವಳು ಮುಖ ಮುಟ್ಕೊಂಡಳು, ಅಲ್ವಾ?"

"ನಾನು ನೋಡಿಲ್ಲ. ಮುದುಕನ ಹತ್ರ ಇದ್ದೆ."

"ಮುಟ್ಕೊಂಡಿಲ್ಲ ಅಂತ ಆಣೆ ಇಟ್ಟು ಹೇಳ್ತೀಯಾ?"

"ನೋಡದೇ ಇರೋದಕ್ಕೆ ಆಣೆ ಹೇಗೆ ಇಡ್ಲಿ?"

"ಹಾಗಾದ್ರೆ 'ಮುಟ್ಟಿಕೊಂಡಿರಬಹುದು' ಅಂತ ಬರೀತೀನಿ. ಬರೀ ಕಾಗದ ಕಣಮ್ಮ, ಸಹಿ ಹಾಕು."

ಹಾಕಿದಳು. ಸಂಜೆಯ ಹೊತ್ತಿಗೆ ಆ 'ಬಹುದು' ಉದುರಿಹೋಗಿ ವರದಿಯಲ್ಲಿ 'ಸ್ವಂತ ಅಜಾಗರೂಕತೆ' ಎಂದಾಗಿತ್ತು. ಮರುದಿನ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಅವಳೇ ತಂದ್ಕೊಂಡಿದ್ದು."

ಚಿನಕುರಳಿಯನ್ನು ಗಾಜಿನ ಬಾಗಿಲಾಚೆ ಮಲಗಿಸಿದ್ದರು. ಈಚೆ ನಿಂತ ದೊಡ್ಡಕ್ಕನ ಜೊತೆ ಫೋನಿನಲ್ಲೇ ಮಾತು. "ಅಕ್ಕಾ, ಮೊದಲು ಮೇಲಿನ ಗ್ಲೌಸ್ ತೆಗೆದೆ. ಆಮೇಲೆ ಗೌನು. ಕೈ ತೊಳ್ಕೊಂಡೆ. ಆಮೇಲೆ ಕನ್ನಡಕ. ಎಲ್ಲಿ ತಪ್ಪಿದೆ, ಹೇಳು."

"ಎಲ್ಲೂ ತಪ್ಪಿಲ್ಲ ಕಣೇ."

"ಮತ್ತೆ ಯಾಕೆ ಹಾಗಂತಾರೆ?"

ದೊಡ್ಡಕ್ಕ "ಸುಮ್ನೆ ಮಲ್ಕೋ" ಎಂದಳು. ನಾಲ್ಕು ದಿನ ಹುಡುಗಿ ಬೆರಳು ಮಡಿಸಿ ಮಡಿಸಿ ಗೌನು ಬಿಚ್ಚಿದ ಆ ಕ್ರಮವನ್ನೇ ಎಣಿಸಿದಳು. ಐದನೆಯ ದಿನ ಬೆರಳು ಏಳಲಿಲ್ಲ. ಮಧ್ಯಾಹ್ನ ಹೋಗಿಬಿಟ್ಟಳು.

ವಾರದ ನಂತರ ಅವಳ ತಾಯಿ ಬಂದಳು. ಬಟ್ಟೆ ಹೊಲಿದು ಮಗಳನ್ನು ಓದಿಸಿದ್ದ ಹೆಂಗಸು. "ನನ್ನ ಮಗಳು ಅಷ್ಟು ಬೇಜವಾಬ್ದಾರಿನಾ? ಬೀದೀಲೆಲ್ಲ ಹಾಗೇ ಅಂತಿದಾರೆ."

ದೊಡ್ಡಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಗೌನಿನ ವಿಷಯ, ಎರಡು ಪತ್ರ, ತನ್ನ ಸಹಿ ಎಲ್ಲವನ್ನೂ ಹೇಳಿಬಿಟ್ಟಳು.

"ಈ ಸಹಿ ವಿಷಯ ಅವಳಿಗೆ ಹೇಳಿದ್ರಾ?"

"ಇಲ್ಲಮ್ಮಾ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕುತ್ತಿಗೆಗೊಂದು ಪಟ್ಟಿ ಹೊಲಿಯೋಕೆ ನಂಗೆ ಕಾಲು ಗಂಟೆ ಸಾಕಿತ್ತು. ಮನೇಲಿ ಒಂದು ಮಾತು ಹೇಳ್ಬಾರ್ದಿತ್ತಾ ಇವಳು!"

ಅಂದೇ ದೊಡ್ಡಕ್ಕ, ಹುಡುಗಿಯ ಸಾವಿನ ವಿಚಾರಣೆ ನಡೆಸುತ್ತಿದ್ದವರಿಗೆ 'ನಾನು ನೋಡಿಲ್ಲ' ಎಂದು ಬರೆದು, ಹಳೆಯ ಎರಡು ಪತ್ರಗಳನ್ನೂ ಲಗತ್ತಿಸಿದಳು. ಅದರ ಫಲವಾಗಿ ಅವಳನ್ನು ವಾರ್ಡಿನಿಂದ ಎತ್ತಿ ಬಟ್ಟೆ ಉಗ್ರಾಣಕ್ಕೆ ಹಾಕಿದರು. ಏಳು ತಿಂಗಳ ಮೇಲೆ ವರದಿಯಲ್ಲಿ 'ಸ್ವಂತ ಅಜಾಗರೂಕತೆ' ಎಂಬುದು ಹೋಗಿ 'ಕಾರಣ ತಿಳಿದುಬಂದಿಲ್ಲ' ಎಂದಾಯಿತು. ಗೌನಿನ ಸೊಲ್ಲೇ ಇರಲಿಲ್ಲ.

ಆ ವರದಿಯ ಪ್ರತಿ ಹಿಡಿದು ದೊಡ್ಡಕ್ಕ ಆ ತಾಯಿಯ ಮನೆಗೆ ಹೋದಳು.

"ಇಷ್ಟೇನಾ?"

"ಇಷ್ಟೇ."

ತಾಯಿ ಕಾಗದವನ್ನು ಮಡಿಸಿದಳು. "ನಿಮ್ಮನ್ನ ಬೈಯೋಕೆ ಅಂತ ಎಷ್ಟೋ ಮಾತು ಕೂಡಿಟ್ಟಿದ್ದೆ. ಈಗ ಒಂದೂ ನೆನಪಾಗ್ತಿಲ್ಲ. ಕೂತ್ಕೊಳ್ಳಿ."

ದೊಡ್ಡಕ್ಕ ಕುಳಿತಳು.