ಲೆನ್ಸಿನ ಹಿಂದಿನ ಹಾಳೆ

ಮಗಳು ಲೆನ್ಸಿನ ಮುಖಕ್ಕೆ ಮುಚ್ಚಳ ಹಾಕಿ, ಅದನ್ನು ನನ್ನ ಕೆಲಸದ ಮೇಜಿನ ಮೇಲೆ ಬೋರಲಾಗಿಟ್ಟಳು. ಬೆನ್ನಿನಲ್ಲಿ ಒಂದು ಸಣ್ಣ ಲೋಹದ ಚೌಕಟ್ಟು ಇತ್ತು. ನನ್ನ ಹೆಬ್ಬೆರಳಿಗಿಂತ ತುಸು ಅಗಲ, ಅಷ್ಟೆ.

“ಬೇರೆ ಲೆನ್ಸಿಗೆ ಫಿಲ್ಟರನ್ನ ಮುಂದೆ ತಿರುಗಿಸಿ ಕೂರಿಸ್ತೀವಿ, ಅಪ್ಪ. ಇದರ ಗಾಜು ಕಪ್ಪೆ ಕಣ್ಣಿನ ಹಾಗೆ ಉಬ್ಬಿಕೊಂಡಿದೆ. ಮುಂದೆ ಏನೂ ನಿಲ್ಲಲ್ಲ. ಅದಕ್ಕೇ ಹಿಂದೆ ಈ ಕಿಂಡಿ. ಜೆಲ್ ಹಾಳೇನ ಅಳತೆಗೆ ಸರಿಯಾಗಿ ಕತ್ತರಿಸಿ ಇದರೊಳಗೆ ತೂರಿಸ್ಬೇಕು.”

“ಕತ್ತರಿಸು ಮತ್ತೆ.”

“ನಿನ್ನೆ ಕತ್ತರಿಸಿದೆ.” ಒಂದು ಕಪ್ಪು ತುಂಡನ್ನು ತೋರಿಸಿದಳು. ಅಂಚೆಲ್ಲ ಎದ್ದು, ಹಾಳೆ ಅಲೆಅಲೆಯಾಗಿತ್ತು. “ಕತ್ತರೀಲಿ.”

“ಕತ್ತರೀಲಾ! ರಟ್ಟು ಕಟ್ಟೋನ ಮಗಳು ಅಂತ ಹೊರಗೆಲ್ಲೂ ಹೇಳ್ಬೇಡ, ತಾಯಿ.”

ಅವಳು ನಗಲಿಲ್ಲ. ನಗುವ ಹೊತ್ತೂ ಆಗಿರಲಿಲ್ಲ. ನಾನು ಮೂವತ್ನಾಲ್ಕು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ಗ್ರಂಥಾಲಯ ಇದು. ಇದರ ದೊಡ್ಡ ಓದುವ ಕೋಣೆಯನ್ನು ನಾಳೆಯಿಂದ ಮರದ ಗೋಡೆಗಳೆಬ್ಬಿಸಿ ಆರು ಭಾಗ ಮಾಡುತ್ತಾರೆ. ಹಲಗೆಗಳು ಬಂದು ಬಾಗಿಲ ಪಕ್ಕ ಒರಗಿಕೊಂಡೂ ಆಗಿತ್ತು. ಇಡೀ ಕೋಣೆ ಒಂದೇ ಚಿತ್ರದಲ್ಲಿ ಸಿಕ್ಕುವುದು ಇವತ್ತು ಮಾತ್ರ. ಆ ಚಿತ್ರ ತೆಗೆಯುವ ಕೆಲಸ ನನ್ನ ಮಗಳಿಗೆ ಬಂದಿತ್ತು. ನನ್ನ ಶಿಫಾರಸಿನಿಂದಲ್ಲ. ಗ್ರಂಥಪಾಲಕಿ ಅವಳ ಚಿತ್ರಗಳನ್ನು ಬೇರೆಲ್ಲೋ ನೋಡಿ ಕರೆಸಿದ್ದರು. ಇವಳು ಯಾರ ಮಗಳು ಎಂದು ಅವರಿಗೆ ಗೊತ್ತಾದದ್ದು ಆಮೇಲೆ.

ಆದರೆ ಚಿತ್ರದಲ್ಲಿ ಜನ ಇರಬಾರದು. ಓದುಗರನ್ನು ಹೊರಗೆ ಕಳಿಸುವುದಕ್ಕೂ ಆಗದು.

“ಹಾಗಾದ್ರೆ ಜನಾನ ಎಲ್ಲಿ ಬಚ್ಚಿಡ್ತೀಯ?” ಎಂದು ಕೇಳಿದೆ.

“ಎಲ್ಲೂ ಇಲ್ಲ. ಈ ಹಾಳೆ ಹಾಕಿದ್ರೆ ಬೆಳಕು ತೊಟ್ಟು ತೊಟ್ಟಾಗಿ ಒಳಗೆ ಬರುತ್ತೆ. ನಾಲ್ಕು ನಿಮಿಷ ಕ್ಯಾಮೆರಾ ತೆರೆದೇ ಇರ್ಬೇಕು. ಆ ನಾಲ್ಕು ನಿಮಿಷದಲ್ಲಿ ಓಡಾಡಿದೋರು ಯಾರೂ ಚಿತ್ರಕ್ಕೆ ಅಂಟಲ್ಲ. ಕಪಾಟು, ಮೇಜು, ಕಿಟಕಿ, ಕದಲದೆ ಇರೋದು ಮಾತ್ರ ಉಳಿಯುತ್ತೆ.”

ಕದಲದೆ ಇರುವುದು ಮಾತ್ರ ಉಳಿಯುತ್ತದೆ. ಆ ಮಾತನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡೆ.

ಉಳಿದಿದ್ದುದು ಅರ್ಧ ಹಾಳೆ. ಅಂಗಡಿಯಲ್ಲೂ ಅದೇ ಕೊನೆಯದಂತೆ. ತೆಳ್ಳನೆಯ ಎರಡು ಕಾಗದಗಳ ನಡುವೆ ಮಲಗಿತ್ತು. ನಾನು ಮೇಲಿನ ಕಾಗದ ಸರಿಸಿ, ಹೆಬ್ಬೆರಳಿಗೆ ನಾಲಗೆ ಸೋಕಿಸಿ, ಜೆಲ್ಲಿನ ಮೂಲೆಯನ್ನು ಎತ್ತಿದೆ.

“ಅಪ್ಪಾ!”

ಕೈ ಅಲ್ಲೇ ನಿಂತಿತು. ಹಾಳೆ ನನ್ನ ಬೆರಳಿಗೆ ಮೆತ್ತಿಕೊಂಡಿತ್ತು. ಬಿಡಿಸಿದಾಗ ಮೂಲೆಯಲ್ಲಿ ಬೆರಳಿನ ಗೆರೆಗಳೆಲ್ಲ ಅಚ್ಚೊತ್ತಿದಂತೆ ಮೂಡಿದ್ದವು. ರಟ್ಟು ಕಟ್ಟುವವರೆಲ್ಲ ಮಾಡುವುದೇ ಅದು. ಬೆರಳು ಒದ್ದೆ ಮಾಡದೆ ತೆಳು ಕಾಗದ ಎತ್ತಲು ನಮಗೆ ಬಾರದು.

“ಅದು ಜೆಲಟಿನ್ನು, ಅಪ್ಪ. ನೀರು ತಾಗಿದ್ರೆ ಮೆತ್ತಗಾಗಿ ಹೋಗುತ್ತೆ.”

ಮೂಸಿ ನೋಡಿದೆ. ತೊಗಲು, ಮೂಳೆ ಕುದಿಸಿ ಮಾಡುವ ನಮ್ಮ ಅಂಟೇ ಅದು! ದಿನವೂ ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿದ ಅಂಟು, ಇಲ್ಲಿ ಬಣ್ಣ ಕುಡಿದು ನೊಣದ ರೆಕ್ಕೆಯಷ್ಟು ತೆಳ್ಳಗೆ ಒಣಗಿ ಕೂತಿದೆ. ಅದರ ಸ್ವಭಾವ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮಗಳು ಬೈಯಲಿಲ್ಲ. ಲೆನ್ಸಿನ ಜೊತೆ ಬಂದಿದ್ದ ಅಳತೆಯ ತಗಡನ್ನು ಹಾಳೆಯ ಮೇಲಿಟ್ಟು, ಅತ್ತ ಇತ್ತ ಸರಿಸಿ ನೋಡಿದಳು. “ಗುರುತು ಬಿಟ್ಟು ಈ ಕಡೆ ಕತ್ತರಿಸಿದ್ರೆ ಒಂದೇ ಒಂದು ತುಂಡು ಸಿಗುತ್ತೆ. ಅಂಚಲ್ಲಿ ಉಳಿಯೋದು ಕೂದಲೆಳೆಯಷ್ಟೇ ಜಾಗ.” ಆಮೇಲೆ ತಗಡನ್ನು ನನ್ನತ್ತ ತಳ್ಳಿದಳು. “ನೀನೇ ಮಾಡು.”

“ನಾನಾ? ಈಗ ತಾನೆ ಕೆಡಿಸಿದ್ದೀನಲ್ಲೇ.”

“ನಾನು ನಿನ್ನೆ ಕೆಡಿಸಿದೆ. ಇಬ್ಬರದೂ ಒಂದೊಂದಾಯ್ತು. ನಿನ್ನ ಕೈ ನಡುಗಲ್ಲ, ನಂದು ನಡುಗುತ್ತೆ.”

ಕೈ ತೊಳೆದು ಒರೆಸಿಕೊಂಡು ಬಂದೆ. ಹಾಳೆಯನ್ನು ಮತ್ತೆ ಎರಡು ಕಾಗದಗಳ ನಡುವೆ ಇಟ್ಟೆ. ಮೇಲೆ ತಗಡು, ತಗಡಿನ ಮೇಲೆ ಎಡಗೈಯ ಎರಡು ಬೆರಳು. ಹೊಸ ಅಲಗನ್ನು ಒತ್ತಲಿಲ್ಲ, ಅದರ ಭಾರಕ್ಕೇ ಅದು ಇಳಿಯಲೆಂದು ಬಿಟ್ಟೆ. ಒಂದೊಂದು ಬದಿಗೂ ನಾಲ್ಕು ಸಲ ಎಳೆದೆ. ಒತ್ತಿದರೆ ಅಂಚು ಏಳುತ್ತದೆ, ಅಂಚು ಎದ್ದರೆ ಹಾಳೆ ಸಮನಾಗಿ ಕೂರದು, ಚಿತ್ರ ಮಂಜಾಗುತ್ತದೆ ಎಂದು ಅವಳು ಹೇಳಿದ್ದಳು. ಕಾಗದ ತೆಗೆದಾಗ ಕಪ್ಪು ತುಂಡು ನೀರಿನಂತೆ ಸಪಾಟಾಗಿ ಮಲಗಿತ್ತು. ಮಗಳು ಚಿಮುಟದಲ್ಲಿ ಅಂಚು ಹಿಡಿದು ಕಿಂಡಿಗೆ ಜಾರಿಸಿದಳು. ಒಂದಿಷ್ಟೂ ತಡೆಯದೆ ಹೋಯಿತು.

ಮಧ್ಯಾಹ್ನ ಬಿಸಿಲು ಎತ್ತರದ ಕಿಟಕಿಗಳಿಂದ ಇಳಿದು ಮೇಜುಗಳ ಸಾಲನ್ನು ಮುಟ್ಟುವ ಹೊತ್ತಿಗೆ ಅವಳು ಮೂಲೆಯಲ್ಲಿ ಕ್ಯಾಮೆರಾ ನಿಲ್ಲಿಸಿದಳು. ಹಾಳೆ ಹಿಂದೆ ಕೂತರೆ ಲೆನ್ಸಿನ ಮೇಲಿನ ದೂರದ ಗುರುತುಗಳನ್ನು ನಂಬುವ ಹಾಗಿಲ್ಲವಂತೆ. ಆಚೆ ಗೋಡೆಯ ಕಪಾಟಿನ ಹತ್ತಿರ ನನ್ನ ಕೈಗೆ ಟಾರ್ಚು ಕೊಟ್ಟು ನಿಲ್ಲಿಸಿ, ಆ ಬೆಳಕಿನ ಚುಕ್ಕಿ ಹರಿತವಾಗುವ ತನಕ ಲೆನ್ಸಿನ ಉಂಗುರವನ್ನು ತಿರುಗಿಸಿದಳು. ಮೂರು ಸಲ ನೋಡಿದಳು. ಓದಲು ಬಂದವರು ಕೂತಲ್ಲಿಯೇ ಕೂರದಂತೆ ಆಗಾಗ ಎದ್ದು ಜಾಗ ಬದಲಿಸಬೇಕೆಂದು ಗ್ರಂಥಪಾಲಕಿ ಕೇಳಿಕೊಂಡರು. ಮಗಳು ಗುಂಡಿ ಒತ್ತಿದಳು.

ನಾನು ಅವಳ ಪಕ್ಕ ನಿಂತು ಮನಸ್ಸಿನಲ್ಲೇ ಪದ್ಯ ಹೇಳತೊಡಗಿದೆ. ಚಿಕ್ಕಂದಿನಲ್ಲಿ ಅಮ್ಮ ರಾಗವಾಗಿ ಓದಿ ಕೇಳಿಸಿದವು. ಒಂದಕ್ಕೆ ಅರ್ಧ ನಿಮಿಷ. ಎಂಟು ಮುಗಿದರೆ ನಾಲ್ಕು ನಿಮಿಷ. ದೇವರೇ, ಎಂಟು ದಾಟಿಸು.

ಐದನೆಯದರಲ್ಲಿದ್ದೆ. ಬಡಗಿ ಹಲಗೆ ಹೊತ್ತು ಬಾಗಿಲಿಂದ ಬಂದ. ನಾನು ಮಗಳತ್ತ ನೋಡಿದೆ. “ನಡೀಲಿ ಬಿಡು,” ಎಂದು ಮಗಳು ಪಿಸುಗುಟ್ಟಿದಳು. “ನಿಲ್ಲದಿದ್ರೆ ಸಾಕು.”

ಬಡಗಿ ಕೋಣೆಯ ನಟ್ಟನಡುವೆ ಬಂದು ನಿಂತ. ಹಲಗೆ ಇಳಿಸಿ, ಅದಕ್ಕೊರಗಿ, ಕ್ಯಾಮೆರಾ ನೋಡುತ್ತ ಮೀಸೆ ತಿದ್ದಿಕೊಂಡ.

ಮಗಳ ಮುಖ ಬಿಳಿಚಿತು. ಕ್ಯಾಮೆರಾದ ಪಕ್ಕದಲ್ಲೇ ನಿಂತ ನಾವು ಹೆಜ್ಜೆ ಹಾಕಿದರೆ ಕಾಲಡಿಯ ಹಳೆಯ ನೆಲಹಲಗೆ ಅಲುಗುತ್ತದೆ, ಕ್ಯಾಮೆರಾ ಕದಲುತ್ತದೆ. ಅವಳು ಬಾಯಿ ತೆರೆದಳು, ದನಿ ಹೊರಡಲಿಲ್ಲ.

ಆ ಕೋಣೆಯಲ್ಲಿ ಮೂವತ್ನಾಲ್ಕು ವರ್ಷ ನಾನು ಕೆಮ್ಮಿದ್ದು ಕೂಡ ಕರವಸ್ತ್ರದೊಳಗೆ.

“ಏಯ್, ಮೀಸೆ ಮಾವ! ನಡೀರಿ! ನಿಲ್ಬೇಡಿ, ನಡೀರಿ!”

ಎತ್ತರದ ಚಾವಣಿಗೆ ಬಡಿದು ನನ್ನ ದನಿ ವಾಪಸು ಬಂತು. ಓದುಗರೆಲ್ಲ ತಲೆಯೆತ್ತಿದರು. ಬಡಗಿ ಬೆಚ್ಚಿ ಹಲಗೆ ಹೊತ್ತು ಓಡಿದ. ನಾನು ಆರನೆಯ ಪದ್ಯ ಹಿಡಿದೆ. ಏಳು. ಎಂಟು. ಕ್ಯಾಮೆರಾ ಸಣ್ಣಗೆ ಟಕ್ಕೆಂದಿತು.

ಗ್ರಂಥಪಾಲಕಿ ಹತ್ತಿರ ಬಂದು, “ರಟ್ಟು ಮೇಷ್ಟ್ರೇ, ಇಷ್ಟು ವರ್ಷ ಈ ಗಂಟಲನ್ನ ಎಲ್ಲಿ ಬೀಗ ಹಾಕಿಟ್ಟಿದ್ರಿ?” ಎಂದರು. ಆಮೇಲೆ ಕ್ಯಾಮೆರಾದ ಪರದೆಯತ್ತ ಬಗ್ಗಿದರು.

ಕೋಣೆ ಈ ತುದಿಯಿಂದ ಆ ತುದಿಯವರೆಗೆ ತೆರೆದುಕೊಂಡಿತ್ತು. ಒಬ್ಬರೂ ಇರಲಿಲ್ಲ. ಬಡಗಿ ನಿಂತಲ್ಲಿ ಬರೀ ಬಿಸಿಲು. ಮಗಳು ಚಿತ್ರವನ್ನು ಹಿಗ್ಗಿಸುತ್ತ ಹೋದಳು. ಆಚೆ ಗೋಡೆ, ಕಪಾಟು, ಕಪಾಟಿನಲ್ಲಿ ಪುಸ್ತಕಗಳ ಬೆನ್ನು, ಬೆನ್ನಿನ ಮೇಲೆ ನಾನೇ ಒತ್ತಿದ ಚಿನ್ನದಕ್ಷರ. ಕನ್ನಡಕವಿಲ್ಲದೆ ಓದಿದೆ.

“ಎಷ್ಟು ಚೂಪಾಗಿದೆ!” ಎಂದರು ಗ್ರಂಥಪಾಲಕಿ.

“ಜೆಲ್ ಅಪ್ಪ ಕತ್ತರಿಸಿದ್ದು,” ಎಂದಳು ಮಗಳು, ತಲೆಯೆತ್ತದೆ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪತ್ರಿಕೆ ಓದುತ್ತಿದ್ದ ಹಿರಿಯರ ಬಳಿ ಹೋಗಿ, ಅವರು ಕೇಳದಿದ್ದರೂ, “ಆ ಚಿತ್ರ ತೆಗೆದೋಳು ನನ್ನ ಮಗಳು,” ಎಂದೆ. ಬಾಗಿಲ ಹೊರಗೆ ಮುನಿಸಿಕೊಂಡು ಕೂತಿದ್ದ ಬಡಗಿಗೂ ಹೇಳಿದೆ. ಮೆಟ್ಟಿಲು ಹತ್ತಿ ಬರುತ್ತಿದ್ದ ಒಬ್ಬರನ್ನು ನಿಲ್ಲಿಸಿ ಮತ್ತೊಮ್ಮೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ.