ಹೇನಿಲ್ಲದ ತಲೆ

ದಿಕ್ಕಿಲ್ಲದ ಮಕ್ಕಳನ್ನು ಇರಿಸಿಕೊಳ್ಳುವ ಆ ಮನೆಗೆ ಬರುವ ಮಗು ಯಾವ ದಾರಿಯಿಂದ ಬಂದಿದ್ದರೂ, ಹಾಸಿಗೆ ಸಿಗುವ ಮೊದಲು ಹಿತ್ತಿಲಿನ ಕಲ್ಲುಬೆಂಚಿನ ಮೇಲೆ ಕೂತು ತಲೆ ಬಗ್ಗಿಸಲೇಬೇಕು. ಲಾರಿಯ ಟಾರ್ಪಾಲಿನ ಅಡಿಯಲ್ಲಿ ಸಿಕ್ಕ ಮಗುವಿಗೂ ಇದೇ ನಿಯಮ. ಗಡಿಯ ತಂತಿಬೇಲಿಯ ಪಕ್ಕದಲ್ಲಿ ಪೊಲೀಸರಿಗೆ ಸಿಕ್ಕ ಮಗುವಿಗೂ ಇದೇ ನಿಯಮ. ತಲೆ ಬಗ್ಗಿದ ಕೂಡಲೇ ಹೇನು ಬಾಚುವ ಸೀರಣಿಗೆಯನ್ನು ಸದಾ ಸೊಂಟದಲ್ಲಿಟ್ಟ 'ಸೀರಣಿಗೆ ಅತ್ತೆ'ಯ ಕೆಲಸ ಆರಂಭವಾಗುತ್ತಿತ್ತು. ಒಂದು ಮಗುವಿನ ಹೇನು ವಾರ ಕಳೆಯುವುದರೊಳಗೆ ಇಡೀ ಮನೆಯ ಹೇನಾಗುತ್ತದೆ ಎಂಬುದು ಹೊರಗಿನವರಿಗೆ ಹೇಳುವ ಕಾರಣ. ಒಳಗಿನ ಕಾರಣ ಬೇರೆ. ಮುಖ ನೋಡಿ ಹೇಳಲಾರದ್ದನ್ನು ಮಗು ಬೆನ್ನು ತಿರುಗಿಸಿ ಕೂತಾಗ ಹೇಳುತ್ತದೆ. ಅದು ಹೇಳದಿದ್ದರೆ ತಲೆ ಹೇಳುತ್ತದೆ. ಬೋಳಿಸಿದ ತಲೆ, ಗುರುತು ಸಿಗದಂತೆ ಬಣ್ಣ ಹಚ್ಚಿದ ತಲೆ, ಏಟು ಬಿದ್ದು ಗಾಯ ಒಣಗಿದ ತಲೆ, ಎಲ್ಲವನ್ನೂ ಅತ್ತೆ ಓದಬಲ್ಲವಳು.

ವಾರ್ಡನ್‌ನಿಂದ ಹಿಡಿದು ತರಕಾರಿ ಲಾರಿಯ ಚಾಲಕನವರೆಗೆ ಎಲ್ಲರಿಗೂ ಆಕೆ ಅತ್ತೆಯೇ. ಅತ್ತೆಯ ಅನುಮಾನಕ್ಕೆ ಹೊರತಾದವರು ಯಾರೂ ಇರಲಿಲ್ಲ. ಹಾಲಿನವನು ಗೇಟಿನ ಬಳಿ ಎರಡು ಮಾತು ಹೆಚ್ಚಿಗೆ ಆಡಿದರೆ, ಆ ಎರಡು ಮಾತು ಯಾವುವೆಂದು ಮಕ್ಕಳನ್ನು ವಿಚಾರಿಸುತ್ತಿದ್ದಳು.

"ಅತ್ತೆ, ಕನ್ನಡಿ ನೋಡ್ಕೊಂಡಾಗ್ಲೂ 'ಯಾರಮ್ಮ ನೀನು' ಅಂತ ಕೇಳ್ತೀರಂತೆ, ನಿಜವಾ?" ಎಂದು ವಾರ್ಡನ್ ಛೇಡಿಸುತ್ತಿದ್ದ.

"ಕೇಳಿದ್ರೆ ತಪ್ಪೇನು? ಆ ಕನ್ನಡಿಯವಳೂ ಒಂದಿನ ನೆಟ್ಟಗೆ ಉತ್ತರ ಕೊಟ್ಟಿಲ್ಲ."

ಹೀಗೆ ನಗಾಡಿದರೂ ಅನುಮಾನಕ್ಕೆ ಆಧಾರವಿತ್ತು. ಹಿಂದಿನ ಬೇಸಿಗೆಯಲ್ಲಿ ದೊಡ್ಡ ಹುಡುಗಿಯೊಬ್ಬಳು, ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳಂತೆ ಇದ್ದವಳು, ಒಂದು ಮಧ್ಯಾಹ್ನ ಇಬ್ಬರು ಚಿಕ್ಕ ಮಕ್ಕಳನ್ನು ಹಿತ್ತಿಲ ಗೋಡೆ ದಾಟಿಸಿಬಿಟ್ಟಿದ್ದಳು. ಗೋಡೆಯಾಚೆ ವ್ಯಾನು ನಿಂತಿತ್ತು. ದೊಡ್ಡವರನ್ನು ಕಳಿಸಿದರೆ ಗೇಟು ತೆರೆಯುವುದಿಲ್ಲವೆಂದು ಮಕ್ಕಳನ್ನು ಸಾಗಿಸುವವರಿಗೆ ಗೊತ್ತು. ಆದ್ದರಿಂದ ಮಕ್ಕಳನ್ನು ಕದಿಯಲು ಮಕ್ಕಳನ್ನೇ ಕಳಿಸುತ್ತಾರೆ. ಆ ಇಬ್ಬರು ಮತ್ತೆ ಸಿಗಲಿಲ್ಲ. ಗೋಡೆಯ ಮೇಲೆ ಈಗ ಗಾಜಿನ ಚೂರುಗಳಿದ್ದವು, ಗೇಟಿನ ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ತರಕಾರಿ ಲಾರಿಯ ಚಾಲಕ, ಮೂಟೆಗಳ ಸಂದಿಯಲ್ಲಿ ಸಿಕ್ಕರೆಂದು ಇಬ್ಬರನ್ನು ಇಳಿಸಿ ಹೋದ. ಹುಡುಗಿಗೆ ಹದಿಮೂರೋ ಹದಿನಾಲ್ಕೋ ಇರಬಹುದು; ಚಾಕುವಿನಲ್ಲಿ ಕೊಯ್ದಂತಿದ್ದ ಗಿಡ್ಡ ಕೂದಲು. ಸೊಂಟದ ಮೇಲೆ ನಾಲ್ಕು ವರ್ಷದ ಹುಡುಗ, ಅವನ ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ.

"ಇವನು ಯಾರು?"

"ನನ್ನ ತಮ್ಮ."

"ಅಪ್ಪ ಅಮ್ಮ?"

"ಇಲ್ಲ. ನದಿ ದಾಟಿದ ಮೇಲೆ ನಾವಿಬ್ಬರೇ. ಚಳಿಗಾಲ ಪೂರ್ತಿ ನಾವಿಬ್ಬರೇ."

"ಎಲ್ಲಿ ಮಲಗ್ತಿದ್ರಿ?"

"ಸಿಕ್ಕಿದ ಕಡೆ. ಇದ್ದಿದ್ದು ಒಂದೇ ಕಂಬಳಿ."

ಅತ್ತೆ ಹುಡುಗಿಯ ತಲೆಗೆ ಸೀರಣಿಗೆ ಹಾಕಿ ಒಮ್ಮೆ ಎಳೆದಳು. ಬಿಳಿ ಬಟ್ಟೆಯ ಮೇಲೆ ಎಳ್ಳು ಚೆಲ್ಲಿದಂತೆ ಹೇನು ಉದುರಿದವು. ಆ ತಲೆಗೆ ಔಷಧಿ ಹಚ್ಚಿ, ಬಟ್ಟೆ ಕಟ್ಟಿ, ಹುಡುಗನನ್ನು ಕೂರಿಸಿಕೊಂಡಳು. ಅವನ ಕೂದಲನ್ನು ಬಿಡಿಸಿ ಬಿಡಿಸಿ ನೋಡಿದಳು. ಹೇನಿರಲಿ, ಹೇನಿನ ಮೊಟ್ಟೆಯೂ ಇರಲಿಲ್ಲ.

ಸೀರಣಿಗೆಯನ್ನು ತೊಳೆಯುತ್ತ ಅತ್ತೆ ಲೆಕ್ಕ ಹಾಕಿದಳು. ಕಂಬಳಿ ಒಂದು, ತಲೆ ಎರಡು. ಒಂದರಲ್ಲಿ ಸಂತೆ ನೆರೆದಿದೆ, ಇನ್ನೊಂದು ಗುಡಿಸಿಟ್ಟ ಅಂಗಳ. ಹೇನಿಗೆ ಗಡಿಯೂ ಇಲ್ಲ, ಬೇಲಿಯೂ ಇಲ್ಲ. ಚಳಿಗಾಲ ಪೂರ್ತಿ ಒತ್ತೊತ್ತಿಗೆ ಮಲಗಿದ ತಲೆಗಳು ಹೀಗಿರಲು ಸಾಧ್ಯವಿಲ್ಲ. ಈ ಹುಡುಗ ಮೊನ್ನೆ ಮೊನ್ನೆಯವರೆಗೆ ಯಾವುದೋ ಒಳ್ಳೆಯ ಮನೆಯಲ್ಲಿದ್ದವನು. ಇವಳ ಕೈಗೆ ಬಂದದ್ದು ಈಚೆಗೆ.

"ಹುಡುಗಿ ಸುಳ್ಳು ಹೇಳ್ತಿದ್ದಾಳೆ. ಅವನು ಇವಳ ತಮ್ಮ ಅಲ್ಲ" ಎಂದು ವಾರ್ಡನ್‌ಗೆ ತಿಳಿಸಿದಳು.

"ಇಲ್ಲಿಗೆ ಬರೋ ಮಕ್ಕಳಲ್ಲಿ ಸುಳ್ಳು ಹೇಳದೆ ಇರೋರು ಯಾರಿದ್ದಾರೆ ಅತ್ತೆ?"

"ಹೊಟ್ಟೆಗೋಸ್ಕರ ಹೇಳೋ ಸುಳ್ಳು ಬೇರೆ. ಹೋದ ಬೇಸಿಗೇಲಿ ಕೇಳಿದ್ವಲ್ಲ, ಅದು ಬೇರೆ."

ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಇರಿಸಲಾಯಿತು. ಆದರೆ ಹುಡುಗಿ ತನ್ನ ಹಾಸಿಗೆಗೆ ಹೋಗಲೇ ಇಲ್ಲ. ಚಿಕ್ಕವರ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲಲ್ಲಿ ಕೂತುಬಿಟ್ಟಳು. ಎಬ್ಬಿಸಿದರೆ ಏಳುತ್ತಾಳೆ, ಎರಡು ಹೆಜ್ಜೆ ನಡೆಯುತ್ತಾಳೆ, ತಿರುಗಿ ಬಂದು ಅಲ್ಲೇ ಕೂರುತ್ತಾಳೆ. ಇದು ಕಾವಲೋ ಹೊಂಚೋ ಎಂದು ತೀರ್ಮಾನಿಸಲಾಗದೆ, ಅತ್ತೆ ಎದುರು ಗೋಡೆಗೆ ಕುರ್ಚಿ ಹಾಕಿಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವಳನ್ನು ಕಾದಳು. ಅವಳೂ ಅತ್ತೆಯನ್ನು ಕಾದಳು.

ಮರುದಿನ ಕಾರಿನಲ್ಲಿ ಹುಡುಗನ ಸೋದರಮಾವ ಬಂದ.

ಇಸ್ತ್ರಿ ಮಾಡಿದ ಅಂಗಿ, ಮಾತಿಗೆ ಮುಂಚೆ ನಗು, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ. ಕಚೇರಿಯ ಮೇಜಿನ ಮೇಲೆ ಫೋನಿಟ್ಟು ಫೋಟೋ ತೋರಿಸಿದ. ಅದರಲ್ಲಿ ಇದೇ ಹುಡುಗ, ಇದೇ ಮೂಗು, ಹುಬ್ಬಿನ ಮೇಲೆ ಇದೇ ಮಚ್ಚೆ.

"ನಮ್ಮಕ್ಕನ ಮಗ ಸ್ವಾಮಿ. ಅಕ್ಕ ಹೋದ ಮೇಲೆ ನಾವೇ ಸಾಕಿದ್ದು. ಹೋದ ವಾರ ಮನೆ ಮುಂದೆ ಆಡ್ತಾ ಇದ್ದ. ಗಿಡ್ಡ ಕೂದಲಿನ ಹುಡುಗಿ ಒಬ್ಬಳು ಎತ್ಕೊಂಡು ಹೋದ್ಲು ಅಂತ ಬೀದಿಯವರು ಹೇಳಿದ್ರು. ಅವತ್ತಿಂದ ನನ್ನ ಹೆಂಡತಿ ಅನ್ನ ಮುಟ್ಟಿಲ್ಲ."

ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಫೋಟೋ ಯಾರ ಬಳಿಯೂ ಇರಬಹುದು, ಮಚ್ಚೆ ಯಾರ ಕಣ್ಣಿಗೂ ಬೀಳಬಹುದು. ತನಗೊಬ್ಬಳಿಗೇ ಗೊತ್ತಿದ್ದುದನ್ನು ಮುಂದಿಟ್ಟು ಪರೀಕ್ಷಿಸಿದಳು.

"ಹುಡುಗನ ತಲೆಯಲ್ಲಿ ಹೇನು ಇತ್ತೇನಪ್ಪ?"

ಆತ ನೊಂದವನಂತೆ ಮುಖ ಮಾಡಿದ. "ಏನಮ್ಮ ಹಾಗಂತೀರಾ! ದಿನಾ ಸ್ನಾನ, ದಿನಾ ಎಣ್ಣೆ. ಹುಟ್ಟಿದಾಗಿಂದ ಆ ತಲೆ ಒಂದು ಹೇನು ಕಂಡಿಲ್ಲ. ಬೇಕಾದ್ರೆ ನೀವೇ ನೋಡಿ."

ಅತ್ತೆ ನೋಡಿಯಾಗಿತ್ತು. ಉತ್ತರ ತಾಳೆಯಾಯಿತು.

ಹುಡುಗನನ್ನು ಕರೆತಂದರು. ಅವನು ಆತನ ಬಳಿಗೆ ಹೋಗಲಿಲ್ಲ, ಅಳಲೂ ಇಲ್ಲ. ಕೊಟ್ಟ ಬಿಸ್ಕತ್ತನ್ನು ಮುರಿದು ಅರ್ಧ ತಿಂದು, ಉಳಿದರ್ಧವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತ.

"ನೋಡಿ, ಹೇಗೆ ಹೆದರಿಸಿಟ್ಟಿದ್ದಾಳೆ. ನನ್ನನ್ನೇ ಮಾವ ಅಂತಿಲ್ಲ" ಎಂದು ಆತ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹುಡುಗಿ ಓಡಿಬಂದು ಬಾಗಿಲಿನ ಚೌಕಟ್ಟು ಹಿಡಿದು ಕೂಗಿದಳು: "ಕೊಡಬೇಡಿ! ಇವನು ಯಾರೋ ನಮಗೆ ಗೊತ್ತಿಲ್ಲ! ಕೊಡಬೇಡಿ!"

"ಇವಳೇ. ಕಳ್ಳಿಗೆ ಎಷ್ಟು ಧೈರ್ಯ ನೋಡಿ ಸ್ವಾಮಿ" ಎಂದ ಆತ, ದನಿ ಏರಿಸದೆ.

ವಾರ್ಡನ್ ಮೇಲಿನ ಕಚೇರಿಗೆ ಫೋನ್ ಮಾಡಿದ. ಸಾಹೇಬರು ಊರಲ್ಲಿಲ್ಲ, ನಿಮಗೆ ಖಾತ್ರಿಯಾದರೆ ಕಳಿಸಿಕೊಡಿ ಎಂಬ ಉತ್ತರ ಬಂತು. ಅವನು ರಿಸೀವರ್ ಇಟ್ಟು ಅತ್ತೆಯ ಮುಖ ನೋಡಿದ. ಈ ಮನೆಯಲ್ಲಿ ಖಾತ್ರಿ ಎಂಬುದು ಅತ್ತೆಯ ಬಾಯಿಂದಲೇ ಬರಬೇಕಾಗಿತ್ತು.

"ಏನಂತೀರಿ?"

"ತಲೆ ಇವರ ಮಾತನ್ನೇ ಹೇಳ್ತಿದೆ" ಎಂದಳು ಅತ್ತೆ.

"ಹಾಗಾದ್ರೆ ಸ್ನಾನ ಮಾಡಿಸಿ, ಬೇರೆ ಬಟ್ಟೆ ಹಾಕಿ ಕರ್ಕೊಂಡ್ಬನ್ನಿ."

ಅತ್ತೆ ಹುಡುಗನನ್ನು ಹಿತ್ತಿಲಿಗೆ ಕರೆದೊಯ್ದು ನೀರು ಹಾಕಿದಳು. ಹುಡುಗಿ ಹಿಂದೆಯೇ ಬಂದು ಕಲ್ಲುಬೆಂಚಿನ ಪಕ್ಕ ನಿಂತಳು. ಈಗ ಅವಳು ಕೂಗಲಿಲ್ಲ.

"ನನ್ನನ್ನೂ ಕಳಿಸಿ" ಎಂದಳು.

"ಯಾರೋ ಗೊತ್ತಿಲ್ಲ ಅಂದೆ. ಗೊತ್ತಿಲ್ಲದವನ ಜೊತೆ ನೀನ್ಯಾಕೆ ಹೋಗ್ತೀಯೆ?"

"ಇವನೊಬ್ಬನೇ ಹೋಗಬಾರದು."

ಈ ಮಾತು ಅತ್ತೆಯ ಲೆಕ್ಕಕ್ಕೆ ಕೂಡಲಿಲ್ಲ. ಕದ್ದವಳಾದರೆ ಸಿಕ್ಕಿಬಿದ್ದ ಮೇಲೆ ಓಡಬೇಕು. ಇವಳು ತನ್ನನ್ನು ಕಳ್ಳಿ ಎಂದವನ ಕಾರನ್ನೇ ಹತ್ತುತ್ತೇನೆ ಎನ್ನುತ್ತಿದ್ದಾಳೆ. ಇಬ್ಬರೂ ಸೇರಿ ಹೂಡಿದ ಆಟವೇ? ಯೋಚಿಸುತ್ತ ಅತ್ತೆ ತಲೆ ಕೆರೆದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಕೆರೆದುಕೊಂಡಳು, ಈ ಸಲ ಕಿವಿಯ ಹಿಂದೆ.

"ನಿಮಗೂ ಹತ್ತಿದೆ. ಕೂತ್ಕೊಳ್ಳಿ, ತೆಗೀತೀನಿ" ಎಂದಳು ಹುಡುಗಿ.

"ಆಹಾ, ಡಾಕ್ಟರಮ್ಮ! ಮೊದಲು ನಿನ್ನ ತಲೆದು ತೆಕ್ಕೊಳ್ಳೋಕೆ ಆಗ್ಲಿಲ್ವಾ?"

"ನನ್ನ ತಲೆ ನನಗೆ ಕಾಣುತ್ತಾ?"

ಹುಡುಗಿ ಬೆಂಚಿನ ಮೇಲೆ ಕೂತು ಎರಡು ಹೆಬ್ಬೆರಳ ಉಗುರುಗಳನ್ನು ಲಂಗಕ್ಕೆ ಉಜ್ಜಿಕೊಂಡಳು. ಅವಳು ಹಾಗೆ ಕೂತದ್ದೇ ತಡ, ಮೈಯಿಂದ ನೀರಿಳಿಯುತ್ತಿದ್ದ ಹುಡುಗ ಅತ್ತೆಯ ಕೈಯಿಂದ ಜಾರಿ ಹೋಗಿ, ಅವಳ ಮೊಣಕಾಲುಗಳ ನಡುವೆ ಬೆನ್ನು ತಿರುಗಿಸಿ ಕೂತ. ಯಾರೂ ಹೇಳಲಿಲ್ಲ, ತಾನೇ ತಲೆ ವಾಲಿಸಿದ. ಒಂದು ಬೆರಳಿನಿಂದ ತನ್ನ ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿದುಕೊಂಡ. ಹುಡುಗಿ ಕಿವಿಯ ಹಿಂದೆ ನೋಡಿ ಅವನ ಭುಜವನ್ನು ಮೆಲ್ಲಗೆ ತಟ್ಟಿದಳು. ಅವನು ತಲೆಯನ್ನು ಇನ್ನೊಂದು ಕಡೆಗೆ ವಾಲಿಸಿ ಆ ಕಿವಿಯನ್ನೂ ಮಡಚಿದ. ನಡುವೆ ಮುಷ್ಟಿ ಬಿಚ್ಚಿ, ಒದ್ದೆಯಾದ ಅರ್ಧ ಬಿಸ್ಕತ್ತನ್ನು ಹಿಂದಕ್ಕೆ ಚಾಚಿದ. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಕೆಲಸ ಮುಂದುವರಿಸಿದಳು.

ಅತ್ತೆಯ ಕೈಯಲ್ಲಿದ್ದ ಚೊಂಬು ಹಾಗೆಯೇ ಉಳಿಯಿತು. ಈ ಬೆಂಚಿನ ಮೇಲೆ ಕೂತ ಮಕ್ಕಳಿಗೆಲ್ಲ ಆಕೆ "ಕಿವಿ ಮಡಚು, ಕಿವಿ ಮಡಚು" ಎಂದು ಗಂಟಲು ಹರಿದುಕೊಂಡವಳು. ತಿಂಗಳುಗಟ್ಟಲೆ ಇದ್ದ ಮಕ್ಕಳೂ ಮರೆಯುತ್ತಿದ್ದರು. ಕೇಳದೆಯೇ ಕಿವಿ ಮಡಚಿ ಹಿಡಿಯುವ ಮಗು, ದಿನವೂ, ಬಹಳ ದಿನ, ಒಂದೇ ಕೈಗೆ ತಲೆ ಒಪ್ಪಿಸಿದ ಮಗು. ಲೆಕ್ಕ ಸರಿಯಾಗಿಯೇ ಇತ್ತು. ಕೂಡಬೇಕಾದಲ್ಲಿ ಅತ್ತೆ ಕಳೆದಿದ್ದಳು. ಅವನ ತಲೆಯನ್ನು ಇವಳು ದಿನವೂ ಶುಚಿ ಮಾಡಿ ಬಟ್ಟೆ ಸುತ್ತುತ್ತಿದ್ದಳು. ಇವಳ ತಲೆಯನ್ನು ನೋಡಲು ಯಾರೂ ಇರಲಿಲ್ಲ.

"ಇವನು ನಿನ್ನ ತಮ್ಮನಾ?" ಎಂದು ಅತ್ತೆ ತಗ್ಗಿದ ದನಿಯಲ್ಲಿ ಕೇಳಿದಳು.

ಹುಡುಗಿ ಅವನ ಮಡಚಿದ ಕಿವಿಯನ್ನು ಬಿಡಿಸಿ ನೆಟ್ಟಗೆ ಮಾಡಿದಳು.

"ಅಲ್ಲ. ದೋಣಿ ಅಲ್ಲಾಡೋಕೆ ಶುರುವಾದಾಗ ಇವನಮ್ಮ ನನ್ನ ಕೈಗೆ ಕೊಟ್ಟಳು. ಹಿಡ್ಕೋ ಅಂದಳು. ದಡ ಸೇರಿದ ಮೇಲೆ ಅವಳು ಇರಲಿಲ್ಲ. ತಮ್ಮ ಅಲ್ಲ ಅಂದ್ರೆ ನೀವು ಬೇರೆ ಮಾಡ್ತೀರಿ. ಎಲ್ಲರೂ ಹಾಗೇ ಮಾಡ್ತಾರೆ."

"ಆ ಫೋಟೋ?"

"ದೋಣಿ ಹತ್ತಿಸೋ ಮುಂಚೆ ನದಿ ದಾಟಿಸೋರು ಎಲ್ಲಾ ಮಕ್ಕಳ ಫೋಟೋ ತೆಗೆದ್ರು. ಯಾಕೆ ಅಂತ ಯಾರೂ ಕೇಳ್ಲಿಲ್ಲ."

ಅತ್ತೆ ಸೀರಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಹುಡುಗನನ್ನು ಒರೆಸಿ ಬಟ್ಟೆ ಹಾಕಿ ಎತ್ತಿಕೊಂಡಳು. ಹುಡುಗಿ ಎದ್ದು ನಿಂತಳು.

"ನೀನೂ ಬಾ" ಎಂದಳು ಅತ್ತೆ.

ಕಚೇರಿಯಲ್ಲಿ ಆತ ಕಾಲು ಅಲ್ಲಾಡಿಸುತ್ತ ಕೂತಿದ್ದ. ಹುಡುಗನನ್ನು ಕಂಡು ಎರಡೂ ಕೈ ಚಾಚಿದ. ಅತ್ತೆ ಕೊಡಲಿಲ್ಲ, ಹುಡುಗನನ್ನು ಮೇಜಿನ ಅಂಚಿನಲ್ಲಿ, ಆತನಿಗೆ ಬೆನ್ನಾಗುವಂತೆ ಕೂರಿಸಿದಳು.

"ಒಂದು ಮಾತು ಮರೆತೆ. ಇವನ ತಲೆ ಮನೇಲಿ ಯಾರು ನೋಡ್ತಿದ್ರು?"

"ನೋಡೋದೇನು? ಒಂದೇ ಒಂದು ಹೇನು ಕಂಡಿಲ್ಲ ಅಂತ ಆಗಲೇ ಹೇಳಿದೆನಲ್ಲಮ್ಮ, ಯಾರೂ ಯಾವತ್ತೂ ಹುಡುಕಿಲ್ಲ."

"ಯಾವತ್ತೂ ಹುಡುಕಿಲ್ಲ. ಸರಿ."

ಅತ್ತೆ ಸೀರಣಿಗೆ ತೆಗೆದು ಹುಡುಗನ ಕುತ್ತಿಗೆಗೆ ತಾಗಿಸಿದಳು, ಅಷ್ಟೇ. ಅವನ ತಲೆ ತಾನಾಗಿ ವಾಲಿತು. ಬೆರಳು ಮೇಲೆದ್ದು ಕಿವಿಯನ್ನು ಮಡಚಿ ಹಿಡಿಯಿತು.

"ಹುಡುಕಿಸಿಕೊಳ್ಳದ ಮಗು ಇದನ್ನ ಎಲ್ಲಿ ಕಲೀತಪ್ಪ?"

ಆತನ ನಗು ಮುಖದ ಮೇಲೆ ಹಾಗೆಯೇ ಇತ್ತು, ಕಣ್ಣು ಮಾತ್ರ ಬಾಗಿಲನ್ನು ಅಳೆಯಿತು. "ಏನಮ್ಮ, ಮಕ್ಕಳು ಏನೋ ಆಡ್ತಾವೆ..."

ವಾರ್ಡನ್ ಹುಡುಗನ ಕಿವಿಯನ್ನೂ, ಅತ್ತೆಯ ಮುಖವನ್ನೂ ನೋಡಿದ. ಮತ್ತೆ ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

"ಮನೆ ವಿಳಾಸ ಕೊಡಿ. ಪೊಲೀಸರ ಜೊತೆ ನಾವೇ ಬರ್ತೀವಿ. ನಿಮ್ಮ ಹೆಂಡತಿಯವರನ್ನ ಮಾತಾಡಿಸಿ, ಆಮೇಲೆ ಮಗುನ ಕಳಿಸೋಣ."

"ಅಯ್ಯೋ, ಅದಕ್ಕೇನಂತೆ. ಕಾಗದ ಪತ್ರ ಎಲ್ಲಾ ಕಾರಲ್ಲೇ ಇದೆ. ಈಗಲೇ ತಂದ್ಬಿಡ್ತೀನಿ."

ಹೊರಟವನು ಓಡಲಿಲ್ಲ, ಓಡದಿರಲು ಪಡುತ್ತಿದ್ದ ಶ್ರಮ ಬೆನ್ನಿನಲ್ಲಿ ಕಾಣುತ್ತಿತ್ತು. ಆತ ಬಂದಾಗಿನಿಂದ ಬೀಗ ತೆಗೆದೇ ಇದ್ದ ಗೇಟಿನಾಚೆ ಕಾರಿನ ಬಾಗಿಲು ಒಳಗಿನಿಂದಲೇ ತೆರೆಯಿತು. ವಾರ್ಡನ್ ಗೇಟಿಗೆ ಓಡುವಷ್ಟರಲ್ಲಿ ಅದು ತಿರುವು ದಾಟಿತ್ತು. ನೀರು ಕಾಣದೆ ಧೂಳೆದ್ದಿದ್ದ ಆ ರಸ್ತೆಯಲ್ಲಿ, ಕಾರಿನ ನಂಬರ್ ಫಲಕದ ಮೇಲೆ ಮಾತ್ರ ದಪ್ಪನೆಯ ಕೆಸರು ಮೆತ್ತಿತ್ತು. ಪೊಲೀಸರಿಗೆ ಹೇಳಲು ವಾರ್ಡನ್‌ನ ಬಳಿ ಒಂದು ಮುಖವೂ ಬಿಸ್ಕತ್ತಿನ ಪೊಟ್ಟಣವೂ ಉಳಿದವು.

"ನಾವು ಕೊಟ್ಟೇಬಿಡ್ತಿದ್ವಿ" ಎಂದ ಹಿಂತಿರುಗಿ ಬಂದು.

"ನಾವು ಅಂತ ಯಾಕಂತೀಯಾ? ಕೊಡು ಅಂದೋಳು ನಾನು" ಎಂದಳು ಅತ್ತೆ.

ಆ ಸಂಜೆ ಅತ್ತೆ ಹುಡುಗಿಯ ಮಂಚವನ್ನು ತಾನೇ ಎಳೆದು ಚಿಕ್ಕವರ ಕೋಣೆಯಲ್ಲಿ ಹುಡುಗನ ಮಂಚಕ್ಕೆ ತಾಗಿಸಿದಳು. ದೊಡ್ಡವರು ಚಿಕ್ಕವರ ಕೋಣೆಯಲ್ಲಿ ಮಲಗಬಾರದೆಂಬ ನಿಯಮ ಏನಾಯಿತೆಂದು ವಾರ್ಡನ್ ಕೇಳಲಿಲ್ಲ. ಹುಡುಗಿ ಮಂಚವನ್ನು ನೋಡಿದಳು, ಕಿಟಕಿಯ ಸರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು, ಕೊನೆಗೆ ಅತ್ತೆಯನ್ನು ನೋಡಿದಳು.

"ನಾವು ಮಲಗಿದ ಮೇಲೆ ಇವನನ್ನ ಎಲ್ಲಿಗೆ ಕಳಿಸ್ತೀರಿ?"

"ಎಲ್ಲಿಗೂ ಇಲ್ಲ."

"ಅವನು ಮತ್ತೆ ಬಂದ್ರೆ?"

"ಗೇಟು ತೆಗಿಯೋದಿಲ್ಲ."

"ಬೀಗದ ಕೈ ಯಾರ ಹತ್ರ ಇರುತ್ತೆ?"

ಅತ್ತೆ ಸೊಂಟದಿಂದ ಬೀಗದ ಕೈ ಬಿಚ್ಚಿ ತೋರಿಸಿದಳು. ಹುಡುಗಿ ಅದನ್ನು ಕೈಗೆ ತೆಗೆದುಕೊಂಡು, ಗೇಟಿನವರೆಗೆ ನಡೆದು, ಬೀಗಕ್ಕೆ ಹಾಕಿ ತಿರುಗಿಸಿ ಪರೀಕ್ಷಿಸಿ, ಹಿಂತಿರುಗಿ ಬಂದು ಕೊಟ್ಟಳು. ಅತ್ತೆಗೆ ಕೋಪ ಬರಲಿಲ್ಲ. ತಾನಾಗಿದ್ದರೂ ಅಷ್ಟನ್ನೇ ಮಾಡುತ್ತಿದ್ದಳು.

"ಬಾ, ನನ್ನ ತಲೆ ನೋಡು. ಜೀವ ತಿಂತಿದೆ" ಎಂದು ಅತ್ತೆ ಹಿತ್ತಿಲಿಗೆ ನಡೆದಳು.

ಹುಡುಗಿ ಹುಡುಗನನ್ನು ತನ್ನ ಕಣ್ಣಿಗೆ ಬೀಳುವಂತೆ ಎದುರಿನ ಮೆಟ್ಟಿಲ ಮೇಲೆ ಕೂರಿಸಿದಳು. ಅನಂತರ ಅತ್ತೆಯ ಹಿಂದೆ ಬಂದು ನಿಂತಳು. ಎಷ್ಟೋ ಮಕ್ಕಳನ್ನು ಕೂರಿಸಿದ ಆ ಕಲ್ಲುಬೆಂಚಿನ ಮೇಲೆ ಅತ್ತೆ ಇನ್ನೊಬ್ಬರಿಗೆ ಬೆನ್ನು ಕೊಟ್ಟು ಕೂತದ್ದು ಅದೇ ಮೊದಲು. ಉಗುರುಗಳು ಕೂದಲಿನ ನಡುವೆ ದಾರಿ ಬಿಡಿಸಿಕೊಳ್ಳುತ್ತ ಹೊರಟವು.

ಗೋಡೆಯಾಚೆಯ ರಸ್ತೆಯಲ್ಲಿ ಒಂದು ವಾಹನ ಬಂತು. ಗೇಟಿನ ಹತ್ತಿರ ಅದರ ಸದ್ದು ನಿಧಾನವಾಯಿತು. ಹುಡುಗಿಯ ಬೆರಳುಗಳು ನಿಂತವು. ಅತ್ತೆಯ ಕೈ ಬೀಗದ ಕೈಯ ಮೇಲೆ ಹೋಯಿತು. ಸದ್ದು ಅಲ್ಲೇ ತುಸು ತಡೆದು, ಮುಂದಕ್ಕೆ ಹೋಗಿ ಕರಗಿತು.

"ಕಿವಿ ಮಡಚಿ" ಎಂದಳು ಹುಡುಗಿ.

ಅತ್ತೆ ಕಿವಿ ಮಡಚಿ ಹಿಡಿದುಕೊಂಡಳು.