ಸಿನಿಮಾ ಅಳೆದ ಸೇರು

ನಾನು ಒಂದು ಹಿತ್ತಾಳೆಯ ಸೇರು. ಗದಗಿನ ಕಂಚುಗಾರರೊಬ್ಬರು ಬಡಿದು ಬಡಿದು ನನಗೆ ಹೊಟ್ಟೆ ಕೊಟ್ಟರು. ಮೂಲಿಮನಿ ನೀಲಕಂಠಪ್ಪನವರ ಕಾಳಿನ ಅಂಗಡಿಯಲ್ಲಿ ಹದಿನೇಳು ವರ್ಷ ಜೋಳ, ಕಡಲೆ, ತೊಗರಿ ಅಳೆದೆ. ಒಂದು ದಿನವೂ ಒಂದು ಕಾಳು ಹೆಚ್ಚುಕಮ್ಮಿ ಮಾಡಲಿಲ್ಲ. ಬೇಕಾದರೆ ಜಂಬ ಎನ್ನಿ, ನನಗೇನೂ ನಾಚಿಕೆಯಿಲ್ಲ.

ಆಮೇಲೆ ಕಿಲೋ, ಲೀಟರು ಬಂದವು. ನನ್ನನ್ನು ಮೂಲೆಗೆ ತಳ್ಳಿದರು. ಜೇಡರಬಲೆಯ ಜೊತೆ ನಾಲ್ಕಾರು ವರ್ಷ ಬಿದ್ದಿದ್ದ ನನ್ನನ್ನು ತಿಕ್ಕಿ ಬೆಳಗಿ ಎಬ್ಬಿಸಿದ್ದು ಸಿನಿಮಾ.

ನೀಲಕಂಠಪ್ಪನವರಿಗೆ ಸಿನಿಮಾ ಹುಚ್ಚು. ಊರಿನ ಚಿತ್ರ ಸಮಾಜಕ್ಕೆ ಅವರೇ ಅಧ್ಯಕ್ಷರು. ಆ ವರ್ಷ ಅಮೆರಿಕದ ಹೆಸರಾಂತ ನಿರ್ದೇಶಕನೊಬ್ಬನ ಆರು ಚಿತ್ರಗಳನ್ನು ಒಟ್ಟಿಗೇ ತರಿಸಿಟ್ಟರು. ಭಾನುವಾರ ಬೆಳಿಗ್ಗೆ ಟಾಕೀಸಿನಲ್ಲಿ ಒಂದೊಂದರ ಪ್ರದರ್ಶನ. ನಿರ್ದೇಶಕನ ಹೆಸರನ್ನು ಅವರೇ ಮೂರು ಬಗೆಯಾಗಿ ಹೇಳುತ್ತಿದ್ದರು, ಹಾಗಾಗಿ ನಾನು ಆ ಸಾಹಸಕ್ಕೆ ಹೋಗುವುದಿಲ್ಲ. ಆರರಲ್ಲಿ ಯಾವುದು ಶ್ರೇಷ್ಠ, ಯಾವುದು ಎರಡನೆಯದು ಎಂದು ಸದಸ್ಯರೇ ನಿರ್ಧರಿಸಬೇಕು, ಆ ಪಟ್ಟಿಯನ್ನು ಪುಸ್ತಿಕೆ ಮಾಡಿ ನಾಡಿನ ಎಲ್ಲ ಚಿತ್ರ ಸಮಾಜಗಳಿಗೂ ಕಳಿಸಬೇಕು ಎಂಬುದು ಅವರ ಆಸೆ. ಕೈ ಎತ್ತಿ ಎಂದರೆ ಜನ ಪಕ್ಕದವರ ಮುಖ ನೋಡುತ್ತಾರಲ್ಲ? ಅದಕ್ಕೇ ನನ್ನ ಬಾಯಿಗೆ ಬಟ್ಟೆ ಮುಚ್ಚಿ ಬಾಗಿಲಲ್ಲಿ ಕೂರಿಸಿದರು. ಚಿತ್ರ ಮುಗಿದ ಮೇಲೆ ತಲೆಗೆ ಹತ್ತು ಹುಣಸೆಬೀಜ. ಮೆಚ್ಚಿದಷ್ಟು ನನ್ನೊಳಗೆ, ಉಳಿದದ್ದು ವಾಪಸು. ಬೀಜ ಎಲ್ಲಿಯವರೆಗೆ ಏರಿತೋ ಅದೇ ಆ ಚಿತ್ರದ ಅಳತೆ.

ಮೂರನೆಯ ವಾರ ರೈಲ್ವೆ ಗಾರ್ಡ್ ಒಬ್ಬನ ಕಥೆಯ ಚಿತ್ರಕ್ಕೆ ಬೀಜ ಮುಕ್ಕಾಲಿಗೆ ಏರಿತು. ನಾಲ್ಕನೆಯ ವಾರ ಅಂಚೆಯವನ ಚಿತ್ರ. ಅದರಲ್ಲಿ ಅಂಚೆಯವನು ಸತ್ತ, ಮಣ್ಣಾದ. ಮರುಕ್ಷಣವೇ ಚೀಲ ಹೆಗಲಿಗೇರಿಸಿ ಸೈಕಲ್ ಹತ್ತಿ ಬಂದ. ಸಾವನ್ನು ಮೊದಲು ತೋರಿಸಿ ಬದುಕನ್ನು ಆಮೇಲೆ ತೋರಿಸುವುದೆಂದರೆ ಸಾಮಾನ್ಯವೇ ಎಂದು ಜನ ಬೆರಗಾದರು. ಅಂದು ಬೀಜ ನನ್ನ ಕಂಠ ಮೀರಿ ಚೆಲ್ಲಿದವು. ನೀಲಕಂಠಪ್ಪನವರು ಆ ಸಾವಿನ ಮೇಲೆಯೇ ಹನ್ನೆರಡು ಪುಟ ಬರೆದರು. ಉಳಿದೆರಡು ಚಿತ್ರಗಳು ಅದರ ಹತ್ತಿರವೂ ಸುಳಿಯಲಿಲ್ಲ.

ಪುಸ್ತಿಕೆ ಅಚ್ಚಿಗೆ ಹೋಗುವ ಮುನ್ನಾದಿನ ರಾಜೇಸಾಬ ನದಾಫ ಅಂಗಡಿಗೆ ಬಂದ. ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುವವನು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೈ ತಪ್ಪದವನು ಎಂದು ಊರೇ ಹೊಗಳುತ್ತಿತ್ತು. ಅವನು ಬಾಯಿ ಬಿಡದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಯಜಮಾನ್ರ, ಐದನೇ ರೀಲು ನಾಲ್ಕನೇದರ ಮುಂದ ಹಾಕೇನ್ರಿ. ಅದು ನನ್ನ ತಪ್ಪು, ಆ ದೊಡ್ಡ ಮನಷ್ಯಾನ ಜಾಣತನ ಅಲ್ಲ."

ನೀಲಕಂಠಪ್ಪನವರು ತಮ್ಮ ಹನ್ನೆರಡು ಪುಟಗಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ವಿಷಯ ಹೊರಗೆ ಬಂದರೆ ಇಬ್ಬರ ಮರ್ಯಾದೆಯೂ ಹೋಗುತ್ತದೆ, ಸುಮ್ಮನಿದ್ದುಬಿಡು ಎಂದು ಗೊಣಗಿದರು. ರಾಜೇಸಾಬ ನನ್ನತ್ತ ಕೈ ತೋರಿಸಿದ.

"ಈ ಸೇರಿನಾಗ ಸುಳ್ಳು ಅಳದಂಗ ಆತಲ್ರಿ."

ನನ್ನ ಪರವಾಗಿ ಮಾತಾಡಿದ ಮೊದಲ ಮನುಷ್ಯ ಅವನು. ಆ ಮಾತು ನೆನೆದರೆ ಇಂದಿಗೂ ಉಬ್ಬಿಹೋಗುತ್ತೇನೆ. ನೀಲಕಂಠಪ್ಪನವರು ತಾವು ಬರೆದದ್ದನ್ನು ತಾವೇ ಹರಿದರು.

ಮುಂದಿನ ಭಾನುವಾರ ರಾಜೇಸಾಬ ತೆರೆಯ ಮುಂದೆ ನಿಂತು ಎಲ್ಲರೆದುರು ತಪ್ಪೊಪ್ಪಿಕೊಂಡ. ವಾರಗಟ್ಟಲೆ ಹೊಗಳಿದ್ದ ಸದಸ್ಯರೆಲ್ಲ ನೆಲ ನೋಡಿದರು. ಆಮೇಲೆ ಯಾರೋ ಒಬ್ಬರು ನಕ್ಕರು, ಟಾಕೀಸಿಗೆ ಟಾಕೀಸೇ ನಕ್ಕಿತು. ಚಿತ್ರ ಸರಿಯಾದ ಕ್ರಮದಲ್ಲಿ ಮತ್ತೆ ಓಡಿತು. ಸದಸ್ಯನಲ್ಲದ ರಾಜೇಸಾಬನಿಗೂ ಅಂದು ನೀಲಕಂಠಪ್ಪನವರು ತಮ್ಮ ಕೈಯಾರೆ ಹತ್ತು ಬೀಜ ಕೊಟ್ಟರು. ಈ ಸಲ ಬೀಜ ಅರ್ಧಕ್ಕೇ ನಿಂತವು. ಗಾರ್ಡನ ಚಿತ್ರ ಮೊದಲನೆಯದಾಯಿತು, ಅಂಚೆಯವನದು ನಾಲ್ಕನೆಯದು. ಹಾಗೆಯೇ ಅಚ್ಚಾಯಿತು.

ಚಿತ್ರ ಸಮಾಜ ಮುಚ್ಚಿದಾಗ ನೀಲಕಂಠಪ್ಪನವರು ನನ್ನನ್ನು ರಾಜೇಸಾಬನಿಗೆ ಕೊಟ್ಟರು. ಈಗ ಮೈಯೆಲ್ಲ ತಗ್ಗುದಿಣ್ಣೆಯಾಗಿ ಅವನ ಮನೆಯ ಕಪಾಟಿನಲ್ಲಿ ಆ ಪುಸ್ತಿಕೆಯ ಪಕ್ಕ ಕೂತಿದ್ದೇನೆ. ಸಿನಿಮಾ ಕಲಿಯುವ ಹುಡುಗಿಯರು ಆಗಾಗ ಬಂದು ಪಟ್ಟಿ ನೋಡುತ್ತಾರೆ. ನಿಮಗೂ ಗಾರ್ಡನ ಚಿತ್ರವೇ ಮೊದಲನೆಯದೇ ಎಂದು ರಾಜೇಸಾಬನನ್ನು ಕೇಳುತ್ತಾರೆ. ಪಟ್ಟಿ ಹೇಳಿದ್ದೇ ಖರೆ ಎಂದು ಮುದುಕ ನಗುತ್ತಾನೆ. ಅಂದು ಬಟ್ಟೆಯ ಕೆಳಗೆ ಕೈ ಇಳಿಸಿ, ತಾನೇ ಕೆಳಗಿಳಿಸಿದ ಆ ಅಂಚೆಯವನಿಗೆ ಅವನು ಹತ್ತಕ್ಕೆ ಹತ್ತೂ ಬೀಜ ಹಾಕಿದ್ದು ನನಗೆ ಮಾತ್ರ ಗೊತ್ತು.